ಬರಿಗೈಯಲ್ಲಿ ಬೀದಿಗಿಳಿದವಳು

ಕೆಳಗಿನ ಲೆಸ್ಕಾ ಎಂಬ ಬೆಟ್ಟದ ಹಳ್ಳಿಯಲ್ಲಿ ಒಂದು ಮಾತಿದೆ, ಸ್ಕಿತ್ನಿತ್ಸಾ ಎಂದು. ತಿರುಗುಬೋಕಿ ಎನ್ನುವ ಅರ್ಥ, ಹೆಣ್ಣಿಗೆ ಹೇಳುವ ಮಾತು. ಗಂಡಸಿಗೆ ಹೇಳಲು ಸ್ಕಿತ್ನಿಕ್ ಎಂದು ಇನ್ನೊಂದಿದೆ. ಆದರೆ ಅದನ್ನು ಯಾರೂ ಬಳಸಿ ಸವೆಸಿಲ್ಲ. ಪೆಟ್ಟಿಗೆಯ ತಳದಲ್ಲಿಟ್ಟ ಹೊಸ ಬಟ್ಟೆಯ ಹಾಗೆ ಮಡಿಕೆ ಮುರಿಯದೆ ಉಳಿದಿದೆ.

ಪಕ್ಕದ ಮನೆಯ ಹುಲ್ಲುಬಣವೆಯಲ್ಲಿ ಮೊಟ್ಟೆ ಇಟ್ಟು ಬರುವ ಕೋಳಿ ಸ್ಕಿತ್ನಿತ್ಸಾ. ಹಿಂಡು ಬಿಟ್ಟು ಎಲೆಕೋಸಿನ ಪಾತಿಗೆ ನುಗ್ಗುವ ಮೇಕೆಯೂ ಅದೇ. ಕೈಯಲ್ಲಿ ಏನೂ ಇಲ್ಲದೆ ಬೀದಿಗಿಳಿದ ಹೆಂಗಸಂತೂ ಸರಿಯೇ ಸರಿ. ಕೈಯಲ್ಲಿ ಏನಾದರೂ ಇದ್ದರೆ ಮಾತು ಬೇರೆ. ಹೂಜಿ ಇದ್ದರೆ ನೀರಿಗೆ ಹೊರಟವಳು, ಸೊಂಟಕ್ಕೆ ಉಣ್ಣೆಯ ಕೋಲು ಸಿಕ್ಕಿಸಿಕೊಂಡು ನೂಲುತ್ತ ನಡೆದರೆ ಕೆಲಸದವಳು. ಹೂಜಿಯಲ್ಲಿ ನೀರಿದೆಯೋ ಇಲ್ಲವೋ ಎಂದು ಯಾರೂ ಇಣುಕಿ ನೋಡುವುದಿಲ್ಲ. ಮೇಲುಕೇರಿಯ ಮೆನ್ಕಾ ಒಂದೇ ಜರಡಿಯನ್ನು ಹಿಡಿದುಕೊಂಡು ವರ್ಷಗಟ್ಟಲೆ ಮನೆ ಮನೆ ಸುತ್ತಿದಳು. ಅದರ ಬಲೆ ಹರಿದು ಎಷ್ಟೋ ಕಾಲವಾಗಿತ್ತು. ಹಿಟ್ಟು ಇರಲಿ, ಅದರಲ್ಲಿ ಬೆಕ್ಕಿನ ಮರಿಯೂ ನಿಲ್ಲುತ್ತಿರಲಿಲ್ಲ. ಆದರೂ ಮೆನ್ಕಾ ಜರಡಿ ಕೇಳಿ ತಂದವಳು, ಇಲ್ಲವೇ ಜರಡಿ ಕೊಡಲು ಹೊರಟವಳು. ಅವಳನ್ನು ಯಾರೂ ಏನೂ ಅನ್ನಲಿಲ್ಲ.

ಗಂಡಸರ ಕತೆ ಹಾಗಲ್ಲ. ಮೀಸೆ ಮೂಡುವ ಮೊದಲೇ ಊರು ಬಿಟ್ಟು, ರುಮೇನಿಯಾ, ಬಲ್ಗೇರಿಯಾ, ಸಲೋನಿಕಾ ಎಂದು ಅಲೆದು, ಮಕ್ಕಳ ಗುರುತು ಸಿಗದಷ್ಟು ತಡವಾಗಿ ಬಂದವರು ಗಳಿಕೆಗೆ ಹೋಗಿದ್ದವರು. ಏನೂ ಗಳಿಸದೆ ಬಂದವರೂ ಗಳಿಕೆಗೆ ಹೋಗಿದ್ದವರೇ. ಬರದೇ ಹೋದವರು ಇನ್ನೂ ಗಳಿಸುತ್ತಿದ್ದಾರೆ. ಊರಲ್ಲೇ ಉಳಿದವರು ಅಂಗಡಿಯ ಜಗಲಿಯ ಮೇಲೆ ಕೂತು ಯಾರು ಎಲ್ಲಿಗೆ ಹೊರಟರು ಎಂದು ನೋಡುತ್ತಾರೆ. ಅದೂ ಒಂದು ಕೆಲಸ. ಚಳಿಯಲ್ಲಿ ಕಷ್ಟದ ಕೆಲಸ ಕೂಡ.

ಬೊಸಿಲ್ಕಾಳ ಗಂಡ ಯೊವಾನ್ ಹೀಗೆ ಗಳಿಕೆಗೆ ಹೋದವನು. ಬೊಸಿಲ್ಕಾ ಮಗನನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಲ್ಲಿ ಕೂತು ದಾರಿ ನೋಡಿದಳು. ಮಗ ತೊದೊರ್ ಮಡಿಲಿಳಿದು, ನಡೆದು, ಅವಳ ಭುಜಕ್ಕೆ ಬಂದ. ಆಗೊಂದು ದಿನ ಕ್ರಾಯೋವಾದಿಂದ ಸುದ್ದಿ ಬಂತು: ಯೊವಾನ್ ತೀರಿಕೊಂಡನಂತೆ, ಅಲ್ಲಿದ್ದ ಹೆಂಡತಿ ಮಕ್ಕಳು ಮಣ್ಣು ಮಾಡಿದರಂತೆ. ಬೊಸಿಲ್ಕಾ ಕಪ್ಪು ಬಟ್ಟೆ ಉಟ್ಟಳು, ಸತ್ತವರ ಹೆಸರಿನ ಗೋಧಿ ಬೇಯಿಸಿ ಹಂಚಿದಳು. ನಲವತ್ತು ದಿನದ ಸೂತಕ ಕಳೆದ ಮೇಲೆ ಬಾಗಿಲಿಂದ ಎದ್ದು, ಬರಿಗೈ ಬೀಸಿಕೊಂಡು, ಊರ ತುದಿಯವರೆಗೆ ಹೋಗಿ ಬಂದಳು. ಮಾರನೆಯ ದಿನ ಹೊಳೆಯವರೆಗೆ. ಆಮೇಲೆ ನಿಲ್ಲಿಸಲೇ ಇಲ್ಲ.

"ಎಲ್ಲಿಗೆ ಹೊರಟ್ರಿ ಬೊಸಿಲ್ಕಕ್ಕ?" ಎಂದು ಜಗಲಿಯವರು ಕೇಳುತ್ತಿದ್ದರು.

"ಎಲ್ಲಿಗೂ ಇಲ್ಲ."

"ಮತ್ತೆ ಹೋಗ್ತಿದೀರಲ್ಲ?"

"ಹೂಂ. ಎಲ್ಲಿಗೂ ಇಲ್ವಲ್ಲ, ಅದಕ್ಕೇ ಬೇಗ ಹೋಗಿ ಬಂದ್ಬಿಡ್ತೀನಿ."

ಕೈಯಲ್ಲಿ ಒಂದು ಹೂಜಿಯನ್ನಾದರೂ ಹಿಡಿದುಕೊಳ್ಳಿ ಎಂದು ಸೊಸೆ ದಾಫಿನಾ ಬಂದ ಹೊಸತರಲ್ಲೇ ಬೇಡಿಕೊಂಡಿದ್ದಳು. ಬೊಸಿಲ್ಕಾ ಒಂದು ದಿನ ಹಿಡಿದೂ ನೋಡಿದಳು. ಹೂಜಿ ಅಡ್ಡ ಬಂತು, ಕೈ ಬೀಸಲಾಗಲಿಲ್ಲ. ಚರ್ಚಿನ ಗೋಡೆಯ ಮೇಲೆ ಅದನ್ನಿಟ್ಟು ಮುಂದೆ ಹೋದವಳು ಮರೆತೇಬಿಟ್ಟಳು. ಬೊಸಿಲ್ಕಾ ಹೂಜಿಯನ್ನೂ ತಿರುಗಾಟಕ್ಕೆ ಬಿಟ್ಟಿದ್ದಾಳೆ ಎಂದು ಊರು ನಕ್ಕಿತು.

ನಗು ಇದ್ದಷ್ಟು ದಿನ ತೊಂದರೆಯಿರಲಿಲ್ಲ. ಮೊಮ್ಮಗಳು ರುಮೆನಾ ಬೆಳೆದು ನಿಂತ ಮೇಲೆ ತೊಂದರೆ ಬಂತು.

ರುಮೆನಾಳಿಗೆ ಬೆಟ್ಟ ಹತ್ತಿದರೆ ಸಿಗುವ ಮೇಲಿನ ಲೆಸ್ಕಾದ ಹುಡುಗ ಸಾಂದ್ರೆಯ ಮೇಲೆ ಮನಸ್ಸು, ಸಾಂದ್ರೆಗೂ ಅಷ್ಟೇ. ಅವನಪ್ಪ ಕುಜ್ಮಾನ್ ಮಾತ್ರ ತಲೆಯಾಡಿಸಲಿಲ್ಲ. ಈ ಕುಜ್ಮಾನ್ ಹರೆಯವೆಲ್ಲ ತಾಮ್ರದ ಕೊಡ ಬೆನ್ನಿಗೆ ಕಟ್ಟಿಕೊಂಡು, ಅಂಬಲಿಯಂಥ ಬೋಜಾವನ್ನು ಕೂಗಿ ಮಾರುತ್ತ ಮೂರು ದೇಶದ ಬೀದಿ ಸವೆಸಿದವನು. ಅವನು ಹೇಳಿಕಳಿಸಿದ ಮಾತನ್ನು ಜರಡಿ ಹಿಡಿದುಕೊಂಡು ಬಂದು ಒಪ್ಪಿಸಿದವಳು ಮೆನ್ಕಾ.

"ಹೆಣ್ಣಿನ ಮೇಲೆ ಅವರದೇನೂ ತಕರಾರಿಲ್ವಂತೆ," ಎಂದಳು. "ಅಜ್ಜಿ ಮೇಲಂತೆ. 'ನಮ್ಮದು ಕೂತಲ್ಲೇ ಕೂರೋ ಮನೆತನ, ತಿರುಗುಬೋಕಿ ಮನೆ ಹೆಣ್ಣು ತಂದು ಏನು ಮಾಡ್ಲಿ' ಅಂದ್ರು. ಅವರ ಕಡೆಯಿಂದ ಹೆಣ್ಣು ಕೇಳೋಕೆ ಬರೋತನಕ ಮುದುಕಿ ಹೊಸಿಲು ದಾಟಬಾರದಂತೆ. ಚಳಿಗಾಲ ಪೂರ್ತಿ ಕೂತಿದ್ರೆ, ಸಂತ ಜಾರ್ಜ್ ಹಬ್ಬಕ್ಕೆ ಜನ ಕಳಿಸ್ತಾರಂತೆ. ನಾನು ಹೇಳಿದ್ದಲ್ಲಮ್ಮ, ನನಗ್ಯಾಕೆ ಬೇಕು. ಜರಡಿ ಕೊಡೋಕೆ ಬಂದೆ."

"ನಮ್ಮ ಜರಡಿ ನಮ್ಮಲ್ಲೇ ಇದೆ," ಎಂದಳು ದಾಫಿನಾ.

"ಹಂಗಾದ್ರೆ ಇದು ಪಕ್ಕದ ಮನೆದಿರ್ಬೇಕು," ಎಂದು ಮೆನ್ಕಾ ಎದ್ದಳು.

ರುಮೆನಾ ಒಣಗಿಸಲು ಕೆಂಪು ಮೆಣಸಿನಕಾಯಿಯನ್ನು ದಾರಕ್ಕೆ ಪೋಣಿಸುತ್ತಿದ್ದಳು. ತಲೆಯೆತ್ತಲಿಲ್ಲ.

"ನೀನೇನು ಹೇಳ್ತೀಯ ಮಗಾ?" ಎಂದು ಬೊಸಿಲ್ಕಾ ಕೇಳಿದಳು.

"ನಾನೇನು ಹೇಳ್ಲಿ ಅಜ್ಜಿ. ಎಷ್ಟು ದಿನ ಆದ್ರೂ ಕಾಯ್ತೀನಿ ಅಂತಾನೆ ಸಾಂದ್ರೆ."

"ಅವನು ಕಾಯ್ತಾನೆ. ಅವರಪ್ಪ?"

"ಅವರಪ್ಪ ಹೊಳೆ ಆಚೆ ಯಾವುದೋ ಹುಡುಗೀನ ನೋಡಿಟ್ಟಿದಾರಂತೆ," ಎಂದಳು ರುಮೆನಾ. ಸೂಜಿ ಬೆರಳಿಗೆ ಚುಚ್ಚಿತು. ಬೆರಳನ್ನು ಬಾಯಲ್ಲಿಟ್ಟುಕೊಂಡಳು, ಮೆಣಸಿನ ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಖಾರಕ್ಕೇ ಬಂದಿತೆಂದು ಇಬ್ಬರೂ ಒಪ್ಪಿಕೊಂಡರು.

ಬಾಗಿಲಲ್ಲಿ ಕೂತು ಕಾಯುವುದು ಹೇಗಿರುತ್ತದೆ ಎಂದು ಬೊಸಿಲ್ಕಾಳಿಗೆ ಗೊತ್ತಿತ್ತು. ಆ ಹುಡುಗಿಗೆ ಅದು ಬೇಡವೆನಿಸಿತು. "ಕೂರ್ತೀನಿ ಬಿಡು," ಎಂದಳು. "ನನಗೆ ಹೊಸದೇನಲ್ಲ."

ಚಳಿ ಶುರುವಾಗುವ ಸಂತ ದಿಮಿತ್ರಿಯ ಹಬ್ಬ ಕಳೆದ ಮೇಲೆ ಅವಳು ಒಲೆಯ ಪಕ್ಕದ ಕಿಟಕಿಯಲ್ಲಿ ಕೂತಳು. ಮೊದಮೊದಲು ಕಾಲು ತಾವಾಗಿಯೇ ಅಲ್ಲಾಡುತ್ತಿದ್ದವು, ನಿದ್ದೆಯಲ್ಲಿ ಓಡುವ ನಾಯಿಯ ಕಾಲಿನ ಹಾಗೆ. ಅವಳು ಅವುಗಳ ಮೇಲೆ ಕಂಬಳಿ ಹೊದಿಸಿದಳು.

ಬೀದಿಯಲ್ಲಿ ಕಾಣದ ಬೊಸಿಲ್ಕಾ ಹಾಸಿಗೆ ಹಿಡಿದಿರಬೇಕು ಎಂದು ಊರು ತಿಳಿಯಿತು. ಒಬ್ಬಳು ಗಿಣ್ಣು ತಂದಳು, ಇನ್ನೊಬ್ಬಳು ಬೇಯಿಸಿದ ಸೇಬು ತಂದಳು. ಬಂದವರು ಮುದುಕಿ ಗಟ್ಟಿಮುಟ್ಟಾಗಿರುವುದನ್ನು ಕಂಡು ಸ್ವಲ್ಪ ಬೇಸರಪಟ್ಟು, ತಂದದ್ದು ತಂದಾಯಿತೆಂದು ಕೂತರು. ಮಾರನೆಯ ದಿನ ಏನೂ ತರದೆ ಬಂದರು. ತಿರುಗುವ ಬೊಸಿಲ್ಕಾ ಯಾವಾಗ ಎಲ್ಲಿ ಸಿಗುತ್ತಾಳೆಂದು ಹೇಳುವಂತಿರಲಿಲ್ಲ. ಕೂತ ಬೊಸಿಲ್ಕಾ ಯಾವಾಗ ಬಂದರೂ ಸಿಗುತ್ತಾಳೆ. ಅವಳನ್ನು ನೋಡಲು ಬಂದ ಉಳಿದವರೂ ಅಲ್ಲೇ ಸಿಗುತ್ತಾರೆ. ಕ್ರಿಸ್‌ಮಸ್ ಉಪವಾಸ ಶುರುವಾಗುವ ಹೊತ್ತಿಗೆ, ಊರಿನ ಬೀದಿಯೇ ಹೊಸಿಲು ದಾಟಿ ಅವಳ ಅಡುಗೆಮನೆಗೆ ಬಂದು ಕೂತಂತಾಗಿತ್ತು. ಮೆನ್ಕಾ ಜರಡಿಯನ್ನು ಅಲ್ಲೇ ಮೊಳೆಗೆ ತೂಗುಹಾಕಿಬಿಟ್ಟಳು, ದಿನಾ ಹೊತ್ತು ತರುವುದೇಕೆಂದು.

ಮನೆಗೆ ಬಂದವರಿಗೆ ಒಂದು ಚಮಚ ಸಿಹಿ, ಒಂದು ಲೋಟ ನೀರು, ಆಮೇಲೆ ಕಾಫಿ ಕೊಡಬೇಕು. ಕೊಡದ ಮನೆ ಮನೆಯಲ್ಲ. ದಾಫಿನಾ ಹಬ್ಬಕ್ಕೆಂದು ಮಾಡಿಟ್ಟ ಪ್ಲಮ್ಮಿನ ಪಾಕ ಮುಗಿಯಿತು, ಅಂಜೂರದ್ದು ಮುಗಿಯಿತು, ಕಲ್ಲಂಗಡಿ ಸಿಪ್ಪೆಯದೂ ಜಾಡಿಯ ಬುಡ ಕಂಡಿತು. ಕಾಫಿಗೆ ಹುರಿದ ಬಾರ್ಲಿ ಬೆರೆಸಿ, ಆಮೇಲೆ ಬಾರ್ಲಿಗೆ ಕಾಫಿ ಬೆರೆಸಿ, ಕಡೆಗೆ ಕಾಫಿಯ ಹೆಸರನ್ನಷ್ಟೇ ಬೆರೆಸಿ ಕಾಸಿಕೊಟ್ಟಳು. ಗಂಡ ತೊದೊರ್ ದೂರದ ರಸ್ತೆ ಕೆಲಸದಲ್ಲಿದ್ದ, ವಾರಕ್ಕೊಮ್ಮೆ ಬರುತ್ತಿದ್ದ. ಬಂದಾಗ ಕೂರಲು ಅವನಿಗೇ ಜಾಗವಿರಲಿಲ್ಲ. ಸಕ್ಕರೆ ಸಾಲ ತರುತ್ತೇನೆ ಎಂದು ದಾಫಿನಾ ಬಟ್ಟಲು ಹಿಡಿದು ಹೊರಗೆ ಹೋದರೆ ಬೇಗ ಬರುತ್ತಿರಲಿಲ್ಲ. ಹೊರಗೆ ಗಾಳಿಯಿತ್ತು, ಮೌನವಿತ್ತು. ಒಂದು ಸಲ ಅವಸರದಲ್ಲಿ ಬಟ್ಟಲನ್ನೇ ಮರೆತು ಹೋದಳು.

ಅಂದು ಸಂಜೆ ಮೆನ್ಕಾ ಬೊಸಿಲ್ಕಾಳ ಕಿವಿಯ ಹತ್ತಿರ ಬಾಗಿ, "ಹೇಳಬಾರದು, ನಿಮ್ಮ ಸೊಸೆ ಯಾಕೋ ಸ್ವಲ್ಪ ತಿರುಗೋದು ಜಾಸ್ತಿಯಾಯ್ತು," ಎಂದಳು.

"ನೋಡ್ಕೋತೀನಿ," ಎಂದಳು ಬೊಸಿಲ್ಕಾ.

ಇದರ ನಡುವೆ ಕುಜ್ಮಾನನೂ ಸುಮ್ಮನೆ ಕೂತಿರಲಿಲ್ಲ. ಮುದುಕಿ ನಿಜವಾಗಿ ಕೂತಿದ್ದಾಳೋ, ಹಿತ್ತಿಲ ಬಾಗಿಲಿಂದ ನುಸುಳುತ್ತಾಳೋ ಎಂದು ಅವನಿಗೆ ಅನುಮಾನ. ಬೇರೆಯವರ ಮಾತನ್ನು ನಂಬುವ ಆಳೂ ಅಲ್ಲ. ಮೊದಲು ಉಪ್ಪಿಗೆಂದು ಬೆಟ್ಟ ಇಳಿದು ಬಂದ. ಬೇಲಿಯಾಚೆ ನಿಂತು ಕಿಟಕಿ ನೋಡಿದ. ಬೊಸಿಲ್ಕಾ ತಲೆಯಾಡಿಸಿದಳು, ಅವನೂ ಆಡಿಸಿ ಹೋದ. ಆಮೇಲೆ ಮೊಳೆಗೆ ಬಂದ, ಲಾಳಕ್ಕೆ ಬಂದ, ಸೀಮೆಎಣ್ಣೆಗೆ ಬಂದ, ಪುನಃ ಉಪ್ಪಿಗೆ ಬಂದ. ಹಿಮ ಬಿದ್ದ ಮೇಲೂ ಬಂದ. ಎರಡು ಲೆಸ್ಕಾಗಳ ನಡುವೆ ಆ ಚಳಿಗಾಲದಲ್ಲಿ ದಾರಿ ಮುಚ್ಚದೆ ಉಳಿದದ್ದು ಕುಜ್ಮಾನನ ಕಾಲಿನಿಂದ.

"ನಿನ್ನ ಮಾವ ಆಗೋವ್ರಿಗೆ ಎಷ್ಟು ಉಪ್ಪು ಬೇಕೇ?" ಎಂದು ಹೆಂಗಸರು ರುಮೆನಾಳನ್ನು ಛೇಡಿಸಿದರು. "ಬೆಟ್ಟಾನೇ ಉಪ್ಪಿನಕಾಯಿ ಹಾಕ್ತಾರಾ?"

ರುಮೆನಾ ನಗಲಿಲ್ಲ. ಅವನು ಬಂದು ಹೋದಾಗಲೆಲ್ಲ ಅವಳ ಮುಖ ಬಿಳಿಚುತ್ತಿತ್ತು. ಅಜ್ಜಿ ಅಪ್ಪಿತಪ್ಪಿ ಕೊಟ್ಟಿಗೆಗೆ ಹೋದ ಗಳಿಗೆಯಲ್ಲೇ ಅವನು ಬಂದುಬಿಟ್ಟರೆ ಎಂಬ ಹೆದರಿಕೆ. ಬೊಸಿಲ್ಕಾ ಕೊಟ್ಟಿಗೆಗೆ ಹೋಗುವುದನ್ನೂ ಬಿಟ್ಟಳು.

ಒಂದು ಮಧ್ಯಾಹ್ನ ಮಳೆಯೂ ಹಿಮವೂ ಕಲಸಿಕೊಂಡು ಅಡ್ಡಡ್ಡ ಹೊಡೆಯುತ್ತಿತ್ತು. ಕುಜ್ಮಾನ್ ಬೇಲಿಯ ಹತ್ತಿರ ನೆನೆದ ಮೂಟೆಯ ಹಾಗೆ ನಿಂತಿದ್ದ. ಬೊಸಿಲ್ಕಾ ಕಿಟಕಿ ತೆರೆದಳು.

"ಒಳಗೆ ಬಾರೋ ಕುಜ್ಮಾನ. ಅಲ್ಲಿ ಅಪ್ಪಿಕೊಂಡು ನಿಂತ್ರೆ ಬೇಲಿ ಬೆಚ್ಚಗಾಗುತ್ತೆ, ನೀನಲ್ಲ."

ಬರಬಾರದಿತ್ತು ಅವನು. ಚಳಿ ಅವನನ್ನು ತಳ್ಳಿತು. ಒಳಗೆ ಗೋಡೆಯುದ್ದಕ್ಕೂ ಹೆಂಗಸರು ಕೂತಿದ್ದರು. ಒಲೆಯ ಮುಂದಿನ ಮೂರು ಕಾಲಿನ ಮಣೆ ಮಾತ್ರ ಖಾಲಿಯಿತ್ತು, ಕೂತ. ದಾಫಿನಾ ಕೊಟ್ಟ ಬಾರ್ಲಿಯನ್ನು ಕಾಫಿ ಎಂದುಕೊಂಡು ಕುಡಿದ. ಬೆರಳು ನೀಲಿಗಟ್ಟಿದ್ದವು, ಬೆಂಕಿ ಸಣ್ಣಗಿತ್ತು. ಅವನ ಕೈ ತಾನಾಗಿ ಇಕ್ಕಳದ ಮೇಲೆ ಹೋಯಿತು. ಕೆಂಡ ಕೆದಕಿದ. ಕಿಡಿ ಮೇಲೆದ್ದಿತು. ಇನ್ನೊಂದು ಸಲ ಕೆದಕಿದ.

ಗೋಡೆಯುದ್ದದ ಹೆಂಗಸರೆಲ್ಲ ಇಕ್ಕಳದತ್ತ ತಿರುಗಿದರು.

ಆ ಬೆಟ್ಟಗಳಲ್ಲಿ ಹೆಣ್ಣು ಕೇಳಲು ಬಂದವನು ಬಾಯಿಂದ ಕೇಳುವುದಿಲ್ಲ. ಮಳೆ, ಕುರಿ, ಹೊಗೆಸೊಪ್ಪು ಎಂದು ಏನೇನೋ ಮಾತಾಡುತ್ತ ಕೂತು, ಇಕ್ಕಳ ತೆಗೆದುಕೊಂಡು ಒಲೆ ಕೆದಕುತ್ತಾನೆ. ಅಷ್ಟಾದರೆ ಕೇಳಿದ ಹಾಗೆ. ಅದಕ್ಕೇ ಬೆಳೆದ ಹೆಣ್ಣಿರುವ ಮನೆಗೆ ಹೋದವರು ಮರಗಟ್ಟಿ ಹೋದರೂ ಕೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡೇ ಕೂರುತ್ತಾರೆ. ಕುಜ್ಮಾನನಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಅವನ ಕೈ ಕಲಿತದ್ದು ಪರದೇಶದ ಅಂಗಡಿ ಮೂಲೆಗಳಲ್ಲಿ, ಯಾರದೋ ಅಗ್ಗಿಷ್ಟಿಕೆಯ ಮುಂದೆ. ಅಲ್ಲಿ ಕೆದಕಿದವನಿಗೆ ಬರೀ ಕಾವು ಸಿಗುತ್ತಿತ್ತು, ಸೊಸೆಯಲ್ಲ.

ನೀರಿನ ತೊಟ್ಟಿಯ ಹತ್ತಿರ ನಿಂತಿದ್ದ ರುಮೆನಾ ಬಾಯಿಗೆ ಕೈಯಿಟ್ಟುಕೊಂಡು ಒಳಕೋಣೆಗೆ ಹೋದಳು.

ಕುಜ್ಮಾನ್ ಸುತ್ತ ನೋಡಿದ. "ಏನಾಯ್ತು?"

"ಏನಿಲ್ಲ ಕುಜ್ಮಾನಣ್ಣ," ಎಂದಳು ಮೆನ್ಕಾ. "ಇನ್ನೊಂಚೂರು ಕೆದಕಿ. ಚೆನ್ನಾಗಿ ಹತ್ಕೊಳ್ಳಲಿ."

ಅವನು ಕೈಯಲ್ಲಿದ್ದ ಇಕ್ಕಳ ನೋಡಿದ. ಅದೇ ಸುಟ್ಟಿತೇನೋ ಎಂಬಂತೆ ಕೆಳಗಿಟ್ಟ. "ಚಳಿಗೆ ಕೆದಕಿದ್ದು."

"ಚಳಿಗೆ ಎಲ್ಲಾರೂ ಕೈ ಚಾಚ್ತಾರೆ, ಕೆದಕಲ್ಲ."

"ನಾನು ಹೆಣ್ಣು ಕೇಳೋಕೆ ಬಂದೋನಲ್ಲ."

"ಮತ್ಯಾಕೆ ಬಂದಿದ್ರಿ?"

"ಉಪ್ಪಿಗೆ."

"ಚೀಲ ಎಲ್ಲಿ?"

ಚೀಲ ಇರಲಿಲ್ಲ. ಈಚೀಚೆಗೆ ಚೀಲ ತರುವುದನ್ನು ಅವನು ಬಿಟ್ಟಿದ್ದ. ಹೆಂಗಸರು ಅವನ ಕೈ ನೋಡಿದರು. ಅವನೂ ನೋಡಿಕೊಂಡ.

"ಮೊನ್ನೆ ಬಂದಾಗ್ಲೂ ಕೈಲಿ ಏನೂ ಇರ್ಲಿಲ್ಲ," ಎಂದಳು ಒಬ್ಬಳು.

"ಅದಕ್ಕೆ ಮುಂಚೆ ಮೊಳೆಗೆ ಅಂದಿದ್ರು. ಅಂಗಡೀಲಿ ಮೊಳೆ ಮುಗಿದು ತಿಂಗಳಾಯ್ತು."

ಬಾಗಿಲ ಬಳಿ ಕೂತಿದ್ದ ಹಲ್ಲಿಲ್ಲದ ಒಬ್ಬ ಮುದುಕಿ, ಯಾರನ್ನೂ ನೋಡದೆ, ಮೆಲ್ಲಗೆ, "ಪಾಪ, ಸ್ಕಿತ್ನಿಕ್ ಆಗ್ಬಿಟ್ಟಿದಾನೆ ಅನ್ನಿ," ಎಂದಳು.

ಆ ಮಾತು ಆ ಊರಲ್ಲಿ ಎಷ್ಟು ಕಾಲದ ಮೇಲೆ ಬಾಯಿಗೆ ಬಂದಿತ್ತೋ. ಹೊಸದಾಗಿದ್ದುದರಿಂದ ಚೆನ್ನಾಗಿ ಹರಿತವಿತ್ತು. ಕುಜ್ಮಾನನ ಕಿವಿ ಕೆಂಪಾಯಿತು. ಸಂಜೆಯೊಳಗೆ ಜಗಲಿಗೆ ಮುಟ್ಟುತ್ತದೆ, ನಾಳೆ ತನಗಿಂತ ಮೊದಲು ಮೇಲಿನ ಲೆಸ್ಕಾಕ್ಕೆ ಹತ್ತುತ್ತದೆ ಎಂದು ಅವನಿಗೆ ಗೊತ್ತಿತ್ತು. ಅವನು ಬೊಸಿಲ್ಕಾಳ ಮುಖ ನೋಡಿದ. ತಾನೇ ಕರೆದದ್ದು ಎಂದು ಅವಳೊಂದು ಮಾತು ಹೇಳಿದ್ದರೆ ಸಾಕಿತ್ತು.

ಬೊಸಿಲ್ಕಾಳಿಗೆ ಅವನ ಮೇಲೆ ಕನಿಕರ ಬರದೆ ಇರಲಿಲ್ಲ. ಆ ಮಾತು ಬೆನ್ನಿಗೆ ಬಿದ್ದರೆ ಹೇಗೆ ಚುರುಗುಟ್ಟುತ್ತದೆ ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆದರೆ ಒಳಕೋಣೆಯ ಬಾಗಿಲು ಒಂದು ಬೆರಳಷ್ಟು ತೆರೆದಿತ್ತು. ಅದರ ಹಿಂದೆ ಯಾರೋ ಉಸಿರು ಹಿಡಿದು ನಿಂತಿದ್ದರು.

"ಸುಮ್ನಿರ್ರಮ್ಮ," ಎಂದಳು ಅವಳು. "ಅವನ್ಯಾಕೆ ತಿರುಗ್ತಾನೆ? ಅವರದು ಕೂತಲ್ಲೇ ಕೂರೋ ಮನೆತನ. ಇಂಥ ಗಾಳೀಲಿ ಬಂದಿದಾನೆ ಅಂದ್ರೆ ಏನೋ ಕೆಲಸ ಇದ್ದೇ ಬಂದಿರ್ತಾನೆ. ಏನಪ್ಪಾ ಕುಜ್ಮಾನ, ಏನು ಕೆಲಸ?"

ಕುಜ್ಮಾನ್ ಬೆಂಕಿ ನೋಡಿದ. ಆ ಹೆಸರು, ಇಲ್ಲವೇ ಈ ಸೊಸೆ, ಎರಡರಲ್ಲಿ ಒಂದನ್ನು ಹೊತ್ತುಕೊಂಡು ಮನೆಗೆ ಹೋಗಬೇಕಿತ್ತು.

"ನಮ್ಮ ಸಾಂದ್ರೆಗೆ," ಎಂದು ಬೆಂಕಿಗೆ ಹೇಳಿದ, "ನಿಮ್ಮ ಹುಡುಗೀನ ಕೇಳೋಣ ಅಂತ."

"ಹಂಗೆ ಹೇಳು ಮತ್ತೆ," ಎಂದಳು ಬೊಸಿಲ್ಕಾ. "ಅಪ್ಪಾನೇ ಕೇಳೋಕೆ ಬರೋದು ನಾನು ಎಲ್ಲೂ ನೋಡಿಲ್ಲ. ಇರ್ಲಿ. ಯೋಚನೆ ಮಾಡ್ತೀವಿ. ಮತ್ತೆ ಬಾ."

ಮೊದಲ ಸಲಕ್ಕೆ ಯಾವ ಮನೆಯವರೂ ಹೂಂ ಅನ್ನುವುದಿಲ್ಲ. ಮೂರು ಸಲವಾದರೂ ಬರಬೇಕು. ಅವನು ಎರಡನೆಯ ಸಲ ಮೊಣಕಾಲುದ್ದದ ಹಿಮದಲ್ಲಿ ಬಂದ, ಈ ಸಲ ಒಂದು ಬುಂಡೆ ರಾಕಿಯಾ ಸಾರಾಯಿ ಹಿಡಿದುಕೊಂಡು. ಬೊಸಿಲ್ಕಾ ರಾಕಿಯಾ ಕುಡಿದು, ಚೆನ್ನಾಗಿದೆ ಎಂದು ಹೇಳಿ, ಮತ್ತೆ ಬಾ ಎಂದಳು.

"ಅತ್ತೆ, ಅವರು ಮನಸ್ಸು ತಿರುಗಿಸಿಬಿಟ್ರೆ?" ಎಂದು ದಾಫಿನಾ ಕೈ ಹಿಸುಕಿಕೊಂಡಳು.

"ಅಷ್ಟು ಜನರ ಮುಂದೆ ಕೆದಕಿದೋನು ತಿರುಗಿಸೋಕಾಗಲ್ಲ. ಸ್ವಲ್ಪ ನಡೀಲಿ ಬಿಡು. ಅಭ್ಯಾಸ ಇರೋ ಕಾಲು."

ಅವನು ಮೂರನೆಯ ಸಲ ಬರುವ ದಿನ ಬಿಸಿಲಿತ್ತು. ಸೂರಿನಿಂದ ಹಿಮ ಕರಗಿ ತೊಟ್ಟಿಕ್ಕುತ್ತಿತ್ತು. ದಾಫಿನಾ ಬೀಗರಿಗೆಂದು ಸೊಪ್ಪಿನ ಪದರರೊಟ್ಟಿ ಒಲೆಗಿಟ್ಟಿದ್ದಳು. ಹೆಂಗಸರು ಆಗಲೇ ಗೋಡೆಯುದ್ದಕ್ಕೂ ಜಾಗ ಹಿಡಿದಿದ್ದರು. ಬೊಸಿಲ್ಕಾ ಕಂಬಳಿ ಸರಿಸಿ ಎದ್ದು, ತಲೆವಸ್ತ್ರ ಬಿಗಿದಳು.

"ಅಜ್ಜಿ, ಎಲ್ಲಿಗೆ?" ಎಂದಳು ರುಮೆನಾ. ಬಾಗಿಲಿಗೆ ಅಡ್ಡ ನಿಂತಳು. "ಇವತ್ತೊಂದು ದಿನ ಕೂತ್ಕೊಳ್ಳಿ. ಇವತ್ತೊಂದೇ."

"ಹೆಣ್ಣು ಕೇಳೋಕೆ ಬರೋತನಕ ಹೊಸಿಲು ದಾಟಬಾರದು ಅಂತ ತಾನೇ ಮಾತು? ಬಂದಾಯ್ತಲ್ಲ, ಎರಡು ಸಲ. ಹೆದರ್ಬೇಡ ಮಗಾ. ನಿನ್ನ ಕೆಲಸಕ್ಕೇ ಹೋಗ್ತಿದೀನಿ," ಎಂದು ಅವಳ ಕೆನ್ನೆ ಮುಟ್ಟಿ ಹೊರಟಳು.

ಕಾಲು ಮೊದಲು ಒಪ್ಪಲಿಲ್ಲ. ಚರ್ಚು ದಾಟುವಷ್ಟರಲ್ಲಿ ನೆನಪು ಮಾಡಿಕೊಂಡವು. ಜಗಲಿಯವರು ಬಾಯಿ ತೆರೆದುಕೊಂಡು ನೋಡಿದರು. ಬೀಚ್ ಮರಗಳ ತಿರುವಿನಲ್ಲಿ, ಕುಜ್ಮಾನ್ ತುಳಿದು ಮಾಡಿದ ಕಾಲುದಾರಿಯಲ್ಲೇ, ಕುಜ್ಮಾನ್ ಎದುರಾದ. ಹೊಸ ಕೋಟು ತೊಟ್ಟಿದ್ದ, ಬುಂಡೆಗೆ ಕೆಂಪು ದಾರ ಕಟ್ಟಿದ್ದ. ಅವಳನ್ನು ಕಂಡು ನಿಂತುಬಿಟ್ಟ.

"ನಾನು ನಿಮ್ಮನೆಗೇ ಬರ್ತಿದ್ದೆ ಬೊಸಿಲ್ಕಕ್ಕ."

"ಗೊತ್ತು. ಕೊಟ್ಟಿದೀವಿ, ಹೋಗು. ಹುಡುಗಿ ನಿಮ್ಮೋಳು."

"ದಾರೀಲಿ ಹೇಳ್ತೀರಲ್ಲ, ಒಲೆ ಮುಂದೆ ಹೇಳೋ ಮಾತು."

"ಮಾತಿಗೆ ಸೂರು ಯಾಕೆ? ಒಲೆ ಮುಂದೆ ದಾಫಿನಾ ಇನ್ನೊಂದು ಸಲ ಹೇಳ್ತಾಳೆ. ಹೆಂಗಸ್ರು ಕಾಯ್ತಿದಾರೆ. ಪದರರೊಟ್ಟಿ ಬಿಸಿ ಇರುತ್ತೆ, ಬೇಗ ಹೋಗು."

ಅವನು ಹೋಗಲಿಲ್ಲ. "ಮತ್ತೆ ನೀವು?"

"ಬೀಗಿತ್ತೀನ ನೋಡ್ಕೊಂಡು ಬರ್ತೀನಿ. ಇಷ್ಟು ವರ್ಷ ತಿರುಗಿದೆ, ಮೇಲಿನ ಲೆಸ್ಕಾ ಮಾತ್ರ ಹತ್ತಿರಲಿಲ್ಲ."

ಕುಜ್ಮಾನ್ ಬುಂಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದ. ಕಡೆಗೆ, ಕಾಲುದಾರಿಯ ಕೆಸರು ನೋಡುತ್ತ ಹೇಳಿದ, "ಅವಳು ಮನೇಲಿರ್ತಾಳೋ ಇಲ್ವೋ. ಈ ಚಳಿಗಾಲ ನಾನು ಕೆಳಗಿಳಿದಾಗೆಲ್ಲಾ ಅವಳೂ ಬರಿಗೈಲಿ ಹೊರಗೆ..."

ಬುಂಡೆಯ ಕೆಂಪು ದಾರವನ್ನು ಇನ್ನೊಂದು ಸಲ ಬಿಗಿದ.

"ಹುಡುಕ್ಕೋತೀನಿ ಬಿಡು," ಎಂದು ಬೊಸಿಲ್ಕಾ ಅವನನ್ನು ದಾಟಿ ಬೆಟ್ಟ ಹತ್ತತೊಡಗಿದಳು.